ಅರಿಸಿನ ಹಚ್ಚದ ಕಾರ್ಡು

ಯಲಹಂಕ
12-6-1961

ಗೆಳೆಯ ರಹಮತುಲ್ಲಾನಿಗೆ,

ನೀನು ನಮ್ಮ ಅಂಗಡಿ ಬಿಟ್ಟು, ಪಂಪ್ ಮೋಟರ್ ಮಾರೋ ಕಂಪನಿಯ ಕೆಲಸ ಅಂತ ದಾವಣಗೆರೆಗೆ ಹೋಗಿ ಎರಡು ತಿಂಗಳ ಮೇಲೆ ನಾಲ್ಕು ದಿನ ಆಯಿತು. ನಿನ್ನ ಮೊದಲನೇ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ, ಎರಡನೆಯದಕ್ಕೂ ಬರೆಯಲಿಲ್ಲ. ಈ ಬ್ಯಾಟನಿಗೆ ಕೋಪ ಬಂದಿದೆ ಅಂತ ನೀನು ತಿಳಿದಿರಬೇಕು. ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಈಗ ಇಳಿದಿದೆ. ಇಳಿದದ್ದಕ್ಕೆ ಕಾರಣ ನನ್ನ ದೊಡ್ಡತನ ಅಲ್ಲ, ಕಷ್ಟ.

ನಮ್ಮ ಅಂಗಡಿ ಹೇಗಿತ್ತು ನಿನಗೇ ಗೊತ್ತು. ಆರು ವರ್ಷ ನೀನು ಬಾಗಿಲಲ್ಲಿ ನಿಂತು ಮಾತಾಡಿದೆ, ನಾನು ಒಳಗೆ ಕೂತು ಮೋಟರಿಗೆ ತಂತಿ ಸುತ್ತಿದೆ. ಸುಟ್ಟ ಮೋಟರ್ ಎದುರು ಕೂತರೆ ನನಗೆ ಯಾವ ಭಯವೂ ಇಲ್ಲ. ಅದರ ಯಜಮಾನ ಎದುರು ನಿಂತರೆ ನಾಲಿಗೆ ಅಂಗುಳಿಗೆ ಅಂಟಿಕೊಂಡು ಬಿಡುತ್ತೆ. ಹೋದ ವಾರ ಸೋಲದೇವನಹಳ್ಳಿಯಿಂದ ಒಬ್ಬರು ಗಾಡಿಯಲ್ಲಿ ಮೋಟರ್ ಹಾಕಿಕೊಂಡು ಬಂದರು. "ರಹಮತ್ ಸಾಹೇಬ್ರಿಲ್ವಾ?" ಅಂದರು. ಇಲ್ಲ ಅಂದೆ. "ಯಾವಾಗ ಬತ್ತಾರೆ?" ಅಂದರು. ಗೊತ್ತಿಲ್ಲ ಅಂದೆ. ಗಾಡಿ ತಿರುಗಿಸಿಕೊಂಡು ಹೋದರು. ರಿಪೇರಿ ಮಾಡೋನು ನಾನೇ ಅಂತ ಹೇಳಬೇಕಾಗಿತ್ತು ಅನ್ನೋದು ಗಾಡಿ ಕೆರೆ ಏರಿ ಹತ್ತಿದ ಮೇಲೆ ಹೊಳೆಯಿತು. ಓಡಿ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ.

ಕಟ್ಟಡದ ಯಜಮಾನರು ಮುನಿನಾರಾಯಣಪ್ಪನವರು ಖಾಲಿ ಅಂಗಡಿ ನೋಡಿ ಸಂಕ್ರಾಂತಿಯ ತನಕ ಗಡುವು ಕೊಟ್ಟಿದ್ದಾರೆ. ಆಮೇಲೆ ಅಲ್ಲಿ ರಾಗಿ ಮೂಟೆ ಇಡುತ್ತಾರಂತೆ. ನಾನು ಯಾವುದಾದರೂ ಫ್ಯಾಕ್ಟರಿಯ ಗೇಟಿನಲ್ಲಿ ನಿಲ್ಲಬೇಕು.

ಒಂದೇ ದಾರಿ ಇದೆ. ಹೆಬ್ಬಾಳ, ತಣಿಸಂದ್ರದ ಕಡೆ ದ್ರಾಕ್ಷಿ ಬೆಳೆಯುವವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದಾರೆ. ಹೆಬ್ಬಾಳದ ನರಸಿಂಹಯ್ಯನವರು ಅಧ್ಯಕ್ಷರು. ಡಿಸೆಂಬರಿನ ಸಭೆಯಲ್ಲಿ ಎಲ್ಲರ ಪಂಪ್‌ಸೆಟ್ ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್‌ನನ್ನು ಗೊತ್ತು ಮಾಡುತ್ತಾರೆ. ಅದು ಸಿಕ್ಕರೆ ಅಂಗಡಿ ಉಳಿಯುತ್ತೆ. ಆದರೆ ಅಷ್ಟರೊಳಗೆ ಮನೆ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಬೇಕು, ಸಭೆಯಲ್ಲಿ ಎದ್ದು ನಿಂತು ಮಾತಾಡಬೇಕು.

ಹೇಗೆ ಮಾತಾಡೋದು ಅಂತ ಹೇಳಿಕೊಡು. ಬೇರೆ ಯಾರನ್ನು ಕೇಳಲಿ?

ಇಂತಿ,
ಬ್ಯಾಟರಾಯಪ್ಪ

ದಾವಣಗೆರೆ
27-6-1961

ಲೋ ಬ್ಯಾಟಾ,

ಕಾಗದ ಓದಿ ಫರೀದಾಗೆ ಹೇಳಿದೆ, "ನೋಡು, ಮೂಕ ಬಸವ ಬರೆದಿದ್ದಾನೆ, ಅದೂ ಎರಡು ಪುಟ!" ನಿನ್ನ ಅತ್ತಿಗೆ ನಕ್ಕು ನಕ್ಕು ಸಾಕಾದಳು. ಇಷ್ಟು ಚೆನ್ನಾಗಿ ಬರೆಯೋನಿಗೆ ಮಾತು ಬರಲ್ಲ ಅಂದ್ರೆ ಯಾರು ನಂಬ್ತಾರೋ?

ಸರಿ, ಪಾಠ ಕೇಳು. ಮನುಷ್ಯ ಅಂದ್ರೆ ಮೋಟರಿನ ಹಾಗೇ. ಹೋದ ತಕ್ಷಣ ಬಿಚ್ಚಬೇಡ. ಮೊದಲು ಅವರ ದನ ನೋಡು, ಜೋಡಿ ಚೆನ್ನಾಗಿದೆ ಅನ್ನು. ಬಾವಿಯಲ್ಲಿ ನೀರು ಎಷ್ಟಿದೆ ಕೇಳು. ಬಾವಿಯ ವಿಷಯ ಕೇಳಿದರೆ ಯಾವ ರೈತನೂ ಅರ್ಧ ಗಂಟೆಗೆ ಕಡಿಮೆ ಮಾತಾಡಲ್ಲ. ಆಮೇಲೆ ನಿನ್ನ ಹೆಸರು ಹೇಳು, ಗಟ್ಟಿಯಾಗಿ ಹೇಳು. ನಿನ್ನ ಹೆಸರನ್ನು ನೀನೇ ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡರೆ ಯಾರಿಗೆ ನಂಬಿಕೆ ಬರುತ್ತೆ? ಕೊನೆಗೆ ಒಂದು ಕಾರ್ಡು ಕೊಡು. ಇಲ್ಲಿ ಸೇಲ್ಸ್‌ಮನ್‌ಗಳೆಲ್ಲ ಕಾರ್ಡು ಇಟ್ಟುಕೊಂಡಿರುತ್ತಾರೆ. ನಿನಗೂ ಅಚ್ಚು ಹಾಕಿಸಿ ಕಳಿಸ್ತೀನಿ. ಬಾಯಿ ಕೈಕೊಟ್ಟರೂ ಕಾರ್ಡು ಮಾತಾಡುತ್ತೆ.

ನನ್ನ ಕೆಲಸ ಜೋರಾಗಿದೆ. ಕಂಪನಿಯ ಕೋಟು ಕೊಟ್ಟಿದ್ದಾರೆ. ಬಿಸಿಲಿನಲ್ಲಿ ಕೋಟು ಹಾಕಿಕೊಂಡು ಹಳ್ಳಿ ತಿರುಗೋ ಸುಖ ಶತ್ರುವಿಗೂ ಬೇಡ.

ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಹೊಸ ಮೋಟರ್ ಮೂರೇ ವಾರದಲ್ಲಿ ಸುಟ್ಟು ಹೋದರೆ ಅದು ಯಾರ ತಪ್ಪು? ಸುಮ್ಮನೆ ಕೇಳಿದೆ.

ಅವ್ವನಿಗೆ ನನ್ನ ಸಲಾಂ ಹೇಳು.

ನಿನ್ನ
ರಹಮತ್

ಯಲಹಂಕ
6-8-1961

ರಹಮತ್,

ನಿನ್ನ ಪಾಠ ಬಾಯಿಪಾಠ ಮಾಡಿದೆ. ಅಂಗಡಿಯ ಗೋಡೆಗೆ ಹೇಳಿದೆ, ಅದು ಒಪ್ಪಿತು. ಭಾನುವಾರ ಬಿಳಿ ಅಂಗಿ ಹಾಕಿಕೊಂಡು ಸೈಕಲ್ ಮೇಲೆ ಹೆಬ್ಬಾಳಕ್ಕೆ ಹೊರಟೆ. ದಾರಿಯುದ್ದಕ್ಕೂ "ನನ್ನ ಹೆಸರು ಬ್ಯಾಟರಾಯಪ್ಪ, ಯಲಹಂಕದಲ್ಲಿ ಮೋಟರ್ ರಿಪೇರಿ" ಅಂತ ಹೇಳಿಕೊಂಡೇ ಹೋದೆ. ಅಧ್ಯಕ್ಷರು ನರಸಿಂಹಯ್ಯನವರ ತೋಟದ ಗೇಟು ಬಂತು. ಅವರ ಮನೆಯವರು ಗೌರಮ್ಮನವರು ಹೊರಗೆ ಬಂದು "ಯಾರಪ್ಪಾ, ಏನ್ ಬೇಕಿತ್ತು?" ಅಂದರು.

ನಾನು "ನೀರು" ಅಂದೆ.

ದೊಡ್ಡ ಚೊಂಬಿನಲ್ಲಿ ತಂದು ಕೊಟ್ಟರು. ಕುಡಿದು ಚೊಂಬು ಕೊಟ್ಟು ವಾಪಸ್ ಬಂದೆ. ಮರು ಭಾನುವಾರ ಮತ್ತೆ ಹೋದೆ. ಆಯಮ್ಮ ನನ್ನನ್ನು ನೋಡಿ ಒಂದು ಮಾತೂ ಕೇಳದೆ ಒಳಗೆ ಹೋಗಿ ನೀರು ತಂದರು. ಹೆಬ್ಬಾಳದಲ್ಲಿ ನನಗೀಗ ಒಂದು ಗುರುತು ಸಿಕ್ಕಿದೆ: ಬಾಯಾರಿದವನು.

ನಗಬೇಡ. ಹೋಗಲಿ ನಗು. ಆದರೆ ಮನೆಗೆ ಬಂದು ಎರಡು ದಿನ ನಾನು ಅವ್ವನ ಮುಖ ನೋಡಲಿಲ್ಲ. ಮೂವತ್ತು ವರ್ಷದ ಗಂಡಸು, ಒಂದು ಹೆಸರು ಹೇಳೋಕೆ ಆಗಲ್ಲ ಅಂದ್ರೆ ಏನು ಮಾಡಲಿ? ಆ ಹೊತ್ತಿಗೆ ಎದೆ ಹೊಡೆದುಕೊಳ್ಳೋದು ಕಿವಿಗೆ ಕೇಳಿಸುತ್ತೆ, ಬೇರೆ ಏನೂ ಕೇಳಿಸಲ್ಲ.

ಅವ್ವ ತಿಮ್ಮಪ್ಪನಿಗೆ ಹರಕೆ ಹೊತ್ತುಬಿಟ್ಟಿದ್ದಾಳೆ, ಮಗನಿಗೆ ಬಾಯಿ ಬರಲಿ ಅಂತ. ಶ್ರಾವಣ ಶನಿವಾರ ತಿರುಪತಿಗೆ ಹೋಗಿ ನಾನು ಮುಡಿ ಕೊಡಬೇಕಂತೆ. ಬಾಯಿಗೂ ಕೂದಲಿಗೂ ಏನು ಸಂಬಂಧ ಅಂತ ಕೇಳಿದೆ. "ಕೊಡೋದ್ ಕೊಟ್ರೆ ಅವ್ನು ಕೊಡೋದ್ ಕೊಡ್ತಾನೆ, ಸುಮ್ಕಿರು" ಅಂದಳು.

ನೀನು ಕೇಳಿದ ಮೋಟರ್: ಮೂರು ವಾರದಲ್ಲಿ ಸುಟ್ಟರೆ ಒಂದೋ ಕರೆಂಟು ಕಡಿಮೆ ಬರ್ತಿದೆ, ಇಲ್ಲ ಒಳಗಿನ ತಂತಿಗೆ ವಾರ್ನಿಷ್ ಸರಿಯಾಗಿ ಕುಡಿಸಿಲ್ಲ. ಬಿಚ್ಚಿ ನೋಡದೆ ಹೇಳೋಕಾಗಲ್ಲ. ಯಾರದು ಆ ಮೋಟರ್?

ಬ್ಯಾಟ

ದಾವಣಗೆರೆ
24-8-1961

ಬ್ಯಾಟಾ,

ಅವಸರದಲ್ಲಿ ಬರೀತಿದ್ದೀನಿ. ಕಾರ್ಡು ನೂರು ಕಳಿಸಿದ್ದೀನಿ. ಪ್ರೆಸ್ಸಿನವನು ಸುತ್ತಲೂ ಕಪ್ಪು ಗೀಟು ಹಾಕಿದರೆ ಪಟ್ಟಣದ ಠೀವಿ ಬರುತ್ತೆ ಅಂದ. ಸರಿ ಅಂದೆ. ಅಕ್ಷರ ನೋಡು, ಮುತ್ತು ಪೋಣಿಸಿದ ಹಾಗಿದೆ.

ಮಾತು ಬರದಿದ್ದರೆ ಎರಡು ಕೈಯಲ್ಲಿ ಕಾರ್ಡು ಹಿಡಿದು, ತಲೆ ಬಗ್ಗಿಸಿ, ಕೊಟ್ಟು ಬಾ. ಅಷ್ಟೇ ಸಾಕು.

ಆ ಮೋಟರ್ ಯಾರದೂ ಅಲ್ಲ. ಬಿಡು.

ರಹಮತ್

ಯಲಹಂಕ
10-9-1961

ರಹಮತ್,

ಈ ಕಾಗದವನ್ನು ಕೂತು ಓದು. ಫರೀದಾ ಅತ್ತಿಗೆಗೂ ಓದಿ ಹೇಳು, ಅವರಾದರೂ ನನ್ನ ಪರ ನಿಲ್ಲಲಿ.

ತಿರುಪತಿಯಿಂದ ಬಂದ ಮರುವಾರ ನಿನ್ನ ಕಾರ್ಡಿನ ಕಟ್ಟು ಹಿಡಿದುಕೊಂಡು ತಣಿಸಂದ್ರಕ್ಕೆ ಹೋದೆ. ನೀನು ಹೇಳಿದ ಹಾಗೆಯೇ ಮಾಡಿದೆ. ಎರಡು ಕೈ, ಬಗ್ಗಿದ ತಲೆ, ಮಾತಿಲ್ಲ. ಮೊದಲನೇ ಮನೆಯವರು ಕಾರ್ಡು ನೋಡಿದರು, ನನ್ನ ಮುಖ ನೋಡಿದರು, ತಲೆ ಬಗ್ಗಿಸಿ ಒಳಗೆ ಹೋದರು. ಎರಡನೇ ಮನೆಯ ಮುದುಕರು ನನ್ನ ಹೆಗಲು ತಟ್ಟಿದರು. ಮೂರನೇ ಮನೆಯಲ್ಲಿ "ಎಲ್ರೂ ಓಗೋ ದಾರೀನೇ ಕಣಪ್ಪಾ" ಅಂದರು. ಎಲ್ಲರೂ ನನ್ನ ಅಂಗಡಿಗೆ ಬರೋ ದಾರಿ ಅಂದುಕೊಂಡು ನನಗೆ ಎಂಥ ಸಂತೋಷ! ಪರಿಚಯ ಮಾಡಿಕೊಳ್ಳೋದು ಇಷ್ಟು ಸುಲಭವಾ, ಇದಕ್ಕೆ ಇಷ್ಟು ವರ್ಷ ಹೆದರಿದೆನಾ ಅಂದುಕೊಂಡೆ.

ಆರನೇ ಮನೆ ಪಿಳ್ಳಪ್ಪನವರದು. ಅವರ ಹೆಂಡತಿ ಮುನಿಗಂಗಮ್ಮ ನಮ್ಮ ಅವ್ವನಿಗೆ ದೂರದ ನೆಂಟಳು. ಕಾರ್ಡು ಈಸಿಕೊಂಡು ನಾಲ್ಕೂ ಮೂಲೆ ನೋಡಿದಳು. ಆಯಮ್ಮನಿಗೆ ಓದು ಬರದು. ಮೂಲೆಯಲ್ಲಿ ಅರಿಸಿನ ಇಲ್ಲ, ಸುತ್ತ ಕಪ್ಪು ಗೀಟು ಇದೆ. ಆಮೇಲೆ ನನ್ನ ತಲೆ ನೋಡಿದಳು. ತಿರುಪತಿಯಲ್ಲಿ ಮುಡಿ ಕೊಟ್ಟ ನುಣ್ಣನೆ ಬೋಳು ತಲೆ. ಮುಖ ನೋಡಿದಳು. ನನ್ನ ಮುಖ ಆ ಹೊತ್ತಿನಲ್ಲಿ ಹೇಗಿರುತ್ತೆ ಅಂತ ನಿನಗೆ ಗೊತ್ತು.

"ಅಯ್ಯೋ ಮುನಿಕೆಂಪಕ್ಕಾ! ಓಗ್ಬುಟ್ಯಾ ನಮ್ಮಕ್ಕಾ!" ಅಂತ ನಮ್ಮ ಅವ್ವನ ಹೆಸರು ಕೂಗಿ ಎದೆ ಬಡಿದುಕೊಂಡಳು.

ಮದುವೆ, ಗೃಹಪ್ರವೇಶ, ಯಾವ ಶುಭಕ್ಕಾದರೂ ಕಾರ್ಡಿನ ಮೂಲೆಗೆ ಅರಿಸಿನ ಹಚ್ಚುತ್ತೀವಿ. ಹಚ್ಚದೆ ಮನೆಗೆ ಬರೋದು ತಿಥಿ ಕಾರ್ಡು ಒಂದೇ, ಅದನ್ನು ಯಾರೂ ಓದೋಕೆ ಹೋಗಲ್ಲ. ಹುಟ್ಟಿದಾಗಿನಿಂದ ಗೊತ್ತಿರೋ ವಿಷಯ. ಹೆದರಿಕೆ ಕಣ್ಣು ಕಟ್ಟಿತ್ತು ನೋಡು, ಹೊಳೆಯಲೇ ಇಲ್ಲ. ಇಲ್ಲಮ್ಮ, ಅವ್ವ ಚೆನ್ನಾಗಿದ್ದಾಳೆ ಅಂತ ಹೇಳಬೇಕು. ಬಾಯಿ ತೆರೆದೆ, ದನಿ ಬರಲಿಲ್ಲ. ಪಿಳ್ಳಪ್ಪನವರು ಓಡಿ ಬಂದು ತಬ್ಬಿಕೊಂಡು "ಧೈರ್ಯ ತಕಾ ಮಗಾ" ಅಂದರು. ಬಿಡಿಸಿಕೊಂಡು ಸೈಕಲ್ ಹತ್ತಿದವನು ಜಕ್ಕೂರು ಕೆರೆ ಏರಿಯ ಮೇಲೆ ಹೊತ್ತು ಮುಳುಗೋ ತನಕ ಕೂತಿದ್ದೆ. ಹೆತ್ತ ತಾಯನ್ನು ಬದುಕಿದ್ದ ಹಾಗೇ ಕೊಂದು ಬಂದಿದ್ದೆ. ಕಣ್ಣೀರೂ ಬಂತು.

ಮನೆಗೆ ಬಂದರೆ ಬಾಗಿಲಲ್ಲಿ ಮೂರು ಗಾಡಿ, ಜಗಲಿಯ ತುಂಬ ಜನ. ಒಬ್ಬರ ಕೈಯಲ್ಲಿ ಹೂವಿನ ಹಾರ. ಮಧ್ಯದಲ್ಲಿ ನಮ್ಮ ಅವ್ವ ಮೊರ ಹಿಡಿದು ರಾಗಿ ಕೇರುತ್ತಾ ಕೂತಿದ್ದಾಳೆ.

"ಬಾರಪ್ಪಾ, ನನ್ನ ಮಣ್ ಮಾಡ್ದೋನೇ, ಬಾ" ಅಂದಳು. "ನಾನ್ ಸತ್ತೋಗಿವ್ನಂತೆ. ನಂಗೊಬ್ಳಿಗೇ ಯಾರೂ ಏಳ್ಲಿಲ್ಲ ನೋಡು!"

ಜಗಲಿ ಪೂರ್ತಿ ನಕ್ಕಿತು. ಸಾವಿನ ಸುಳ್ಳು ಸುದ್ದಿ ಹಬ್ಬಿದರೆ ಆಯಸ್ಸು ಹೆಚ್ಚುತ್ತೆ ಅಂತ ಪಿಳ್ಳಪ್ಪನವರು ಸಮಾಧಾನ ಮಾಡಿದರು. ಅವ್ವ ಎಲ್ಲರಿಗೂ ಬೆಲ್ಲದ ಕಾಫಿ ಕಾಯಿಸಿ ಕೊಟ್ಟು, ಬಂದ ಹಾರವನ್ನು ತಾನೇ ದೇವರ ಪಟಕ್ಕೆ ಹಾಕಿದಳು.

ಅವರು ಹೋದ ಮೇಲೆ ನಾನು ಮೂಲೆ ಸೇರಿದೆ. ಅಂಗಡಿ ಮುಚ್ಚಿಬಿಡೋಣ, ನನ್ನ ಕೈಲಿ ಆಗಲ್ಲ ಅಂದೆ. ಅವ್ವ ಬೈಯಲಿಲ್ಲ. ಪಕ್ಕದಲ್ಲಿ ಕೂತು ಹೇಳಿದಳು: "ನಿಮ್ಮಕ್ಕನ ಮದ್ವೇಗೆ ಮುನ್ನೂರು ಮನೆ ಕರ್ದ್ ಬಂದೋನು ಯಾರ್ಲಾ? ನೀನೇ ಅಲ್ವಾ? ಅವತ್ತೆಲ್ಲಿತ್ತು ಈ ಪುಕ್ಕಲು? ಅವತ್ತು ನಿನ್ ಕೈನಾಗೆ ಕುಂಕುಮ ಇತ್ತು. ಕರ್ಯೋಕ್ ಓಗಿದ್ದೆ. ಈಗ ಬೇಡೋಕ್ ಓಗೋನಂಗೆ ಓಗ್ತೀಯ. ಬೇಡೋನ್ಗೆ ಬಾಯಿ ಒಣಗ್ತದೆ ಕಣ್ ಮಗಾ, ಕರ್ಯೋನ್ಗೆ ಒಣಗಲ್ಲ. ಆಯುಧಪೂಜೆ ಬತ್ತೈತೆ. ಕರ್ದ್ ಬಾ."

ಉಳಿದ ಕಾರ್ಡುಗಳನ್ನು ಹರಡಿಕೊಂಡು ಒಂದೊಂದರ ನಾಲ್ಕು ಮೂಲೆಗೂ ಅರಿಸಿನ ಹಚ್ಚುತ್ತಾ ಕೂತಿದ್ದಾಳೆ. ಕಪ್ಪು ಗೀಟು ಮುಚ್ಚಿ ಹೋಗಲಿ ಅಂತ ಧಾರಾಳವಾಗಿಯೇ ಹಚ್ಚುತ್ತಿದ್ದಾಳೆ. ಈ ಕಾಗದದ ಮೇಲೆ ಹಳದಿ ಕಂಡರೆ ಅದು ಅವಳ ಬೆರಳಿನದು.

ಆಯುಧಪೂಜೆಗೆ ನೀನೂ ಬಾರೋ.

ಬ್ಯಾಟ

ದಾವಣಗೆರೆ
2-10-1961

ಬ್ಯಾಟಾ,

ಮೂರು ಸಲ ಓದಿದೆ. ಅವ್ವನ ಕಾಲು ಹಿಡಿದು ತಪ್ಪಾಯ್ತು ಅಂತ ಕೇಳಿಕೊಂಡೆ ಅಂತ ಹೇಳು. ನಿಮ್ಮೂರ ಎಷ್ಟು ಮದುವೆಯಲ್ಲಿ ಉಂಡಿಲ್ಲ ನಾನು, ಅರಿಸಿನದ ವಿಷಯ ನನಗೂ ಹೊಳೆಯಲಿಲ್ಲ.

ಪೂಜೆಗೆ ಬರೋಕಾಗಲ್ಲ. ಇಲ್ಲಿ ಕೆಲಸ ಬಹಳ.

ಕರೆಯೋಕೆ ಹೋಗು. ಅವ್ವ ಹೇಳಿದ್ದು ನನ್ನ ಪಾಠಕ್ಕಿಂತ ದೊಡ್ಡದು. ನಾನು ಹೇಳಿಕೊಟ್ಟದ್ದೆಲ್ಲ ಮರೆತುಬಿಡು.

ರಹಮತುಲ್ಲಾ

ಯಲಹಂಕ
22-10-1961

ರಹಮತ್,

ಪೂಜೆ ಆಯಿತು. ನೀನಿಲ್ಲದೆ ಮೊದಲನೇ ಪೂಜೆ.

ಕರೆಯೋಕೆ ಹೋದಾಗ ಭಯ ಹೋಗಿರಲಿಲ್ಲ. ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ಜೊತೆಗೇ ಬಂತು. ಆದರೆ ಒಂದು ಕೈಯಲ್ಲಿ ಕುಂಕುಮದ ಭರಣಿ, ಇನ್ನೊಂದರಲ್ಲಿ ಅರಿಸಿನ ಹಚ್ಚಿದ ಕಾರ್ಡು ಇದ್ದಾಗ ಕೈ ಎಲ್ಲಿಡೋದು ಅನ್ನೋ ಚಿಂತೆ ಇರಲಿಲ್ಲ. ಹೆಬ್ಬಾಳದಲ್ಲಿ ಗೌರಮ್ಮನವರು ನನ್ನನ್ನು ದೂರದಿಂದಲೇ ನೋಡಿ ಚೊಂಬು ತರೋಕೆ ತಿರುಗಿದರು. "ನೀರು ಬೇಡಮ್ಮ," ಅಂದೆ, "ಇವತ್ತು ಕರೆಯೋಕೆ ಬಂದಿದ್ದೀನಿ. ನಮ್ಮ ಅಂಗಡಿ ಆಯುಧಪೂಜೆ, ಮನೆಯವರೆಲ್ಲ ಬರಬೇಕು." ಆ ಮಾತು ಒಳಗಿನಿಂದ ತಾನಾಗಿ ಬಂತು ಕಣೋ! ಅಕ್ಕನ ಮದುವೆಯಲ್ಲಿ ಆಡಿದ್ದ ಅದೇ ಮಾತು. ಆಯಮ್ಮ ಕುಂಕುಮ ತೆಗೆದುಕೊಂಡು "ಒಳೀಕ್ ಬಾ, ಕೂತ್ಕೋ, ಯಾವೂರು, ಏನ್ ಕೆಲ್ಸ?" ಅಂತ ಕೇಳಿದರು. ನಾನು ಹೇಳೋದಲ್ಲ, ಅವರೇ ಕೇಳೋದು!

ಎಲ್ಲ ಕಡೆ ಹೀಗೇ ಆಯಿತು ಅಂದುಕೊಳ್ಳಬೇಡ. ಒಂದು ಮನೆಯಲ್ಲಿ ನಾಯಿ ಬಿಟ್ಟರು. ಇನ್ನೊಂದರಲ್ಲಿ ಭರಣಿ ಕೈ ಜಾರಿ ಅವರ ಅಂಗಳವೆಲ್ಲ ಕೆಂಪಾಯಿತು.

ಪೂಜೆಯ ದಿನ ಬೆಂಚಿನ ಮೇಲೆ ಮೋಟರುಗಳನ್ನು ಸಾಲಾಗಿ ಇಟ್ಟು ಹೂ ಮುಡಿಸಿದೆ. ಸ್ಪ್ಯಾನರು, ಸುತ್ತಿಗೆ, ಎಲ್ಲಕ್ಕೂ ಕುಂಕುಮ. ಮೂವತ್ತಕ್ಕೂ ಹೆಚ್ಚು ಜನ ಬಂದರು. ಅರ್ಧ ಜನ ಅವ್ವನನ್ನು ನೋಡೋಕೇ ಬಂದಿದ್ದರು ಅಂತ ನನಗೆ ಗುಮಾನಿ. ಕಡ್ಲೆಪುರಿ ತಿನ್ನುತ್ತಾ ನಿಂತವರು ತಮ್ಮ ತಮ್ಮ ಮೋಟರಿನ ಕಾಯಿಲೆ ಹೇಳಿಕೊಂಡರು. ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ, ಹಿಡಿಯನ್ನು ಕಿವಿಗೆ ಒತ್ತಿ ಬೇರಿಂಗಿನ ಸದ್ದು ಕೇಳೋದು ಹೇಗೆ ಅಂತ ತೋರಿಸಿದೆ. ಒಬ್ಬೊಬ್ಬರಾಗಿ ಕೇಳಿ ನೋಡಿ ಮಕ್ಕಳ ಹಾಗೆ ಖುಷಿಪಟ್ಟರು.

ಬೂದುಗುಂಬಳ ಒಡೆಯೋ ಹೊತ್ತಿಗೆ ಮಾತ್ರ ಸಂಕಟವಾಯಿತು. ಆರು ವರ್ಷವೂ ನಾನು ಅಂಗಡಿಗೆ ನೀವಾಳಿಸಿ ನಿನ್ನ ಕೈಗೆ ಕೊಡುತ್ತಿದ್ದೆ, ನೀನು ಒಡೆಯುತ್ತಿದ್ದೆ. ಈ ಸಲ ನೀವಾಳಿಸಿ ಅಭ್ಯಾಸಬಲದಿಂದ ಪಕ್ಕಕ್ಕೆ ಚಾಚಿದೆ. ಅಲ್ಲಿ ಯಾರೂ ಇರಲಿಲ್ಲ.

ಯಾಕೋ ನಿನ್ನ ಕಾಗದಗಳು ಗಿಡ್ಡವಾಗುತ್ತಿವೆ. ಸಭೆ ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ. ಬರಿ.

ಬ್ಯಾಟ

ದಾವಣಗೆರೆ
29-11-1961

ಬ್ಯಾಟರಾಯಪ್ಪಣ್ಣನವರಿಗೆ ಫರೀದಾ ಮಾಡುವ ಸಲಾಂ.

ನಾನು ಬರೆದದ್ದು ಅವರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಯಲಹಂಕದ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದ್ದು ಈ ಒಂದು ಕಾಗದಕ್ಕೆ ಬಂತು ಅಂದುಕೊಳ್ಳಿ.

ಪೂಜೆ ಆದ ಮೇಲೆ ನೀವು ಮೂರು ಕಾಗದ ಬರೆದಿರಿ, ಅವರು ಒಂದಕ್ಕೂ ಉತ್ತರ ಬರೆಯಲಿಲ್ಲ. ಕೋಪ ಅಲ್ಲ ಅಣ್ಣ. ಇವರು ಮಾತಾಡಿ ಮಾರಿದ ಮೋಟರುಗಳು ಒಂದಾದ ಮೇಲೊಂದು ಸುಟ್ಟು ಹೋದವು. ಕಂಪನಿಯವರು ಕೈ ತೊಳೆದುಕೊಂಡರು. ರೈತರು ಮನೆ ಬಾಗಿಲಿಗೆ ಬರುತ್ತಾರೆ. ಅವರ ಬೆಳೆ ಒಣಗುತ್ತಿದೆ, ಬೈಯದೆ ಏನು ಮಾಡುತ್ತಾರೆ? ಇವರಿಗೆ ಬಿಚ್ಚಲೂ ಬರದು, ಮುಚ್ಚಲೂ ಬರದು. ಈಗ ಪರಿಚಯದವರು ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಹೋಗುತ್ತಾರೆ. ಯಾರಾದರೂ ಬಾಗಿಲು ತಟ್ಟಿದರೆ, ನಾನಿಲ್ಲ ಅಂತ ಹೇಳು ಅನ್ನುತ್ತಾರೆ. ಊರಿಗೆಲ್ಲ ಮಾತು ಹಂಚುತ್ತಿದ್ದವರು, ನನ್ನ ಹತ್ತಿರವೂ ನಾಲ್ಕು ಮಾತಾಡುವುದಿಲ್ಲ.

ನಿಮ್ಮ ಕಾಗದ ಬಂದಾಗ ಮಾತ್ರ ಗಟ್ಟಿಯಾಗಿ ಓದಿ ನಗುತ್ತಾರೆ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಒಂದು ಸಲ ಹೇಳಿದರು: "ಬ್ಯಾಟ ಹಿಂದೆ ಕೂತಿರ್ತಾನೆ ಅನ್ನೋ ಧೈರ್ಯಕ್ಕೆ ನಾನು ಮಾತಾಡ್ತಿದ್ದೆ. ಏನು ಹೇಳಿದರೂ ಅವನು ಅದನ್ನ ನಿಜ ಮಾಡ್ತಿದ್ದ."

ಕಳೆದ ತಿಂಗಳು ಪೂಜೆಗೆ ಬರಲು ಪೆಟ್ಟಿಗೆ ಕಟ್ಟಿದ್ದರು. ಸೋತ ಮುಖ ಹೊತ್ತುಕೊಂಡು ಹೇಗೆ ಹೋಗಲಿ ಅಂತ ಬಿಚ್ಚಿದರು. ಅಣ್ಣ, ಅವರು ತಾವಾಗಿ ಬರುವವರಲ್ಲ. ಕರೆದರೆ ಬರುತ್ತಾರೆ.

ಅವ್ವನಿಗೆ ನನ್ನ ಸಲಾಂ.

ನಿಮ್ಮ ತಂಗಿ
ಫರೀದಾ

ಯಲಹಂಕ
26-12-1961

ರಹಮತ್,

ನೀನು ಬರೆಯದಿದ್ದರೂ ನಾನು ಬರೀತೀನಿ. ಮೊನ್ನೆ ಸಭೆ ಆಯಿತು.

ನರಸಿಂಹಯ್ಯನವರ ತೋಟದಲ್ಲಿ ದ್ರಾಕ್ಷಿ ಚಪ್ಪರದ ಪಕ್ಕ ಬೆಂಚು ಹಾಕಿದ್ದರು. ಸುಮಾರು ನಲವತ್ತು ಜನ. ಪೇಟೆಯಿಂದ ಇನ್ನೊಬ್ಬ ಮೆಕ್ಯಾನಿಕ್ ಬಂದಿದ್ದ. ಇಸ್ತ್ರಿ ಪ್ಯಾಂಟು, ಬಾಯಿ ತುಂಬ ಇಂಗ್ಲಿಷ್. ಅವನು ಒಬ್ಬೊಬ್ಬರ ಕೈ ಕುಲುಕುತ್ತಾ ಓಡಾಡುತ್ತಿದ್ದ. ನಾನು ಕಂಬದ ಹಿಂದೆ ಟೀ ಲೋಟ ಹಿಡಿದು ನಿಂತಿದ್ದೆ. ಹಳೇ ರೋಗ ಮರುಕಳಿಸಿತ್ತು. ಇಷ್ಟೊತ್ತಿಗೆ ಹೊರಟರೆ ಕತ್ತಲಾಗೋದರೊಳಗೆ ಮನೆ ಸೇರಬಹುದು ಅಂತ ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಪಿಳ್ಳಪ್ಪನವರು ಅಲ್ಲಿಂದಲೇ ಕೂಗಿದರು: "ಅಲ್ನೋಡ್ರಪ್ಪಾ, ಬದ್ಕಿರೋ ತಾಯಿಗೆ ತಿಥಿ ಕಾರ್ಡ್ ಹಂಚ್ದೋನು ಕಂಬದ್ ಹಿಂದೆ ಅವ್ನೆ!" ಎಲ್ಲರೂ ತಿರುಗಿದರು, ಎಲ್ಲರೂ ನಕ್ಕರು. ನನಗೂ ನಗು ಬಂತು. ನಲವತ್ತು ಜನಕ್ಕೂ ಕತೆ ಗೊತ್ತಿತ್ತು ಕಣೋ! ಆ ಪ್ಯಾಂಟಿನವನು ಇನ್ನೂ ಹೆಸರು ಹೇಳಿಕೊಂಡು ತಿರುಗುತ್ತಿದ್ದಾನೆ, ನನ್ನ ಹೆಸರು ನನಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿದೆ. ಯಾವುದಕ್ಕೆ ನಾಚಿಕೆಪಟ್ಟು ಕೆರೆ ಏರಿಯ ಮೇಲೆ ಕೂತಿದ್ದೆನೋ, ಅದಕ್ಕಿಂತ ದೊಡ್ಡ ಪರಿಚಯ ಯಾವ ಕಾರ್ಡೂ ಮಾಡಿಸುತ್ತಿರಲಿಲ್ಲ.

ಕಂಬ ಬಿಟ್ಟು ಮುಂದೆ ಬಂದೆ. ಮಾತಾಡಿದೆ. ಏನು ಮಾತಾಡಿದೆ ಅಂತ ಪೂರ್ತಿ ನೆನಪಿಲ್ಲ, ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಮೋಟರ್ ಸುಡೋದಕ್ಕೆ ಮೊದಲು ಹೇಗೆ ಮುನ್ಸೂಚನೆ ಕೊಡುತ್ತೆ ಅಂತ ಹೇಳಿದೆ. ಮಧ್ಯದಲ್ಲಿ ಒಂದು ಸಲ ದನಿ ನಿಂತಿತು. ಯಾರೂ ಎದ್ದು ಹೋಗಲಿಲ್ಲ, ಕಾದರು. ಮಾತು ನಿಂತಾಗ ಜನ ಕಾಯುತ್ತಾರೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಮುಗಿದ ಮೇಲೆ ನರಸಿಂಹಯ್ಯನವರು ಎಲ್ಲರ ಕಡೆ ನೋಡಿ, ಎಲ್ಲರೂ ತಲೆಯಾಡಿಸಿದ ಮೇಲೆ, ಕೆಲಸ ನಿನಗೇ ಅಂದರು. ಆಮೇಲೆ ಕೇಳಿದರು: "ನೀನು ಯಾವುದೋ ಬಾವಿಯೊಳಗೆ ಇಳಿದಿರ್ತೀಯ. ಅಂಗಡಿಗೆ ಬಂದವರಿಗೆ ಜವಾಬು ಹೇಳೋರು ಯಾರಪ್ಪಾ?"

"ನಾವು ಇಬ್ಬರು ಸ್ವಾಮಿ," ಅಂದೆ. ಬಾಯಿಂದ ಬಂದೇ ಬಿಟ್ಟಿತು. "ಇನ್ನೊಬ್ಬ ದಾವಣಗೆರೆಯಲ್ಲಿದ್ದಾನೆ. ಅವನು ಹೋಗೋವಾಗ ನಾನು ಇರು ಅನ್ನಲಿಲ್ಲ. ಕರೆದುಕೊಂಡು ಬರಬೇಕು."

ನರಸಿಂಹಯ್ಯನವರು ನಕ್ಕು, "ಅದು ನಿನ್ನಿಷ್ಟ. ಕೆಲಸ ಅಂತೂ ನಿನ್ನದೇ" ಅಂದರು.

ನೋಡು ರಹಮತ್, ನಲವತ್ತು ಜನದ ಎದುರು ಹೇಳಿದ್ದನ್ನು ಈಗ ನಿನಗೆ ಹೇಳ್ತೀನಿ. ಅವತ್ತು ನೀನು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು "ಬರ್ತೀನಿ ಕಣೋ ಬ್ಯಾಟಾ" ಅಂದೆ. ನಾನು ತಿರುಗಿ ನೋಡದೆ ತಂತಿ ಸುತ್ತುತ್ತಿದ್ದೆ. ಕೆಲಸ ಇತ್ತು ಅಂತ ನೀನು ತಿಳಿದಿರಬೇಕು. ಆ ತಂತಿಯನ್ನು ಆಮೇಲೆ ಪೂರ್ತಿ ಬಿಚ್ಚಿ ಎಸೆದೆ, ಒಂದು ಸುತ್ತೂ ಸರಿ ಇರಲಿಲ್ಲ. ಹೋಗಬೇಡ ಅಂದರೆ ಅಳು ಬರುತ್ತೆ ಅಂತ ಹೆದರಿದೆ. ಪರರ ಮನೆ ಬಾಗಿಲಲ್ಲಿ ಮಾತು ಬರದಿದ್ದದ್ದು ದೊಡ್ಡ ವಿಷಯವೇ ಅಲ್ಲ. ನಿನ್ನ ಎದುರು ಬರಲಿಲ್ಲವಲ್ಲ, ಅದು ನನ್ನನ್ನು ಎಂಟು ತಿಂಗಳಿಂದ ತಿನ್ನುತ್ತಿದೆ.

ಅಂಗಡಿ ಉಳೀತು. ಮುನಿನಾರಾಯಣಪ್ಪನವರು ರಾಗಿಗೆ ಬೇರೆ ಜಾಗ ನೋಡಿಕೊಂಡಿದ್ದಾರೆ. ಆದ್ದರಿಂದ ನಾನು ಬೇಡೋಕೆ ಬರೀತಿಲ್ಲ, ಕರೆಯೋಕೆ ಬರೀತಿದ್ದೀನಿ. ನೂರರಲ್ಲಿ ಉಳಿದ ಕೊನೇ ಕಾರ್ಡು ಇದರೊಳಗಿದೆ. ಅವ್ವ ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ್ದಾಳೆ. ನನ್ನ ಹೆಸರಿನ ಮೇಲೆ ನಿನ್ನ ಹೆಸರನ್ನು ನಾನೇ ಕೈಯಲ್ಲಿ ಬರೆದಿದ್ದೀನಿ. ಅಕ್ಷರ ಮುತ್ತು ಪೋಣಿಸಿದ ಹಾಗಿಲ್ಲ.

ಸಂಕ್ರಾಂತಿಗೆ ಮನೆಯವರೆಲ್ಲ ಬರಬೇಕು. ಬರೋವಾಗ ಸುಟ್ಟ ಮೋಟರ್ ಯಾವುದಾದರೂ ಇದ್ದರೆ ಅದನ್ನೂ ರೈಲಿಗೆ ಹಾಕಿಸಿಕೊಂಡು ಬಾ. ಯಾರದು ಅಂತ ಕೇಳಲ್ಲ. ಎಷ್ಟಿದ್ದರೂ ಸುತ್ತಿ ಕೊಡ್ತೀನಿ. ಅವರ ಮನೆ ಮನೆಗೆ ಇಬ್ಬರೂ ಹೋಗಿ ವಾಪಸ್ ಕೊಟ್ಟು ಬರೋಣ.

ನಿನ್ನ
ಬ್ಯಾಟ

ದಾವಣಗೆರೆ
6-1-1962

ಬ್ಯಾಟಾ,

ಅವತ್ತು ನಾನು ಸಂತೆ ಮೈದಾನದ ಹತ್ತಿರ ಮೂರು ಬಸ್ಸು ಬಿಟ್ಟೆ. ಹಿಂದೆ ಬರ್ತೀಯ ಅಂತ. ನಾಲ್ಕನೆಯದಕ್ಕೆ ಹತ್ತಿದೆ. ಇದನ್ನ ಯಾರಿಗೂ ಹೇಳಿರಲಿಲ್ಲ.

ಆ ಸುಟ್ಟ ಮೋಟರ್ ಯಾರದು ಅಂತ ನೀನು ಕೇಳಲ್ಲ ಅಂದೆ. ನಾನೇ ಹೇಳ್ತೀನಿ, ನಾನು ಮಾರಿದ್ದು. ಏಳು ಇವೆ. ನಿನ್ನೆ ಒಂದೊಂದೇ ಮನೆಗೆ ಹೋಗಿ, ನನ್ನ ಗೆಳೆಯ ಸರಿಮಾಡಿ ಕೊಡ್ತಾನೆ ಅಂತ ಹೇಳಿ ತಂದೆ. ಹೋಗೋ ಮೊದಲು ಬೀದಿಯ ಕೊನೆಯಲ್ಲಿ ನಿಂತುಬಿಟ್ಟಿದ್ದೆ, ಕಾಲು ಬರಲಿಲ್ಲ. ಜೇಬಿನಲ್ಲಿ ನಿನ್ನ ಕಾರ್ಡು ಇತ್ತು. ತೆಗೆದು ನೋಡಿದೆ. ಬೆರಳಿಗೆ ಅರಿಸಿನ ಹತ್ತಿತು. ಹೋದೆ. ಮೊದಲನೇ ಮನೆಯವರು ಬೈದರು, ಆಮೇಲೆ ನೀರು ಕೊಟ್ಟರು. ನಾನೂ ಬಾಯಾರಿದವನೇ ಆಗಿಬಿಟ್ಟೆ ನೋಡು.

ಫರೀದಾ ಪೆಟ್ಟಿಗೆ ಕಟ್ಟಿಯಾಗಿದೆ. ನಾನು ಹೇಳೋಕೆ ಮುಂಚೆಯೇ ಕಟ್ಟಿದ್ದಳು. ಅವಳಿಗೆ ಹೇಗೆ ಗೊತ್ತಾಯಿತೋ ನಾನು ಕೇಳಲಿಲ್ಲ, ನೀನೂ ಕೇಳಬೇಡ.

ಹದಿಮೂರನೇ ತಾರೀಖು ಬೆಳಗಿನ ರೈಲಿಗೆ ಯಶವಂತಪುರದಲ್ಲಿ ಇಳೀತೀವಿ. ಸೋಲದೇವನಹಳ್ಳಿ ದಾಟಿದಾಗಿನಿಂದ ನಾನು ಬಾಗಿಲಲ್ಲೇ ನಿಂತಿರ್ತೀನಿ. ಪ್ಲಾಟ್‌ಫಾರಂ ಮೇಲೆ ನನ್ನನ್ನು ಕಂಡಾಗ ಮೊದಲು ನೀನೇ ಮಾತಾಡಿಸಬೇಕು ಬ್ಯಾಟಾ. ನನಗೆ ಮಾತು ಬರೋ ಹಾಗೆ ಕಾಣಲ್ಲ.

ನಿನ್ನ
ರಹಮತ್